ಮಂದಜಾಲ ಮೀಮಾಂಸೆ

ಮನೆಯ ನೆಟ್ ನಿಧಾನವಾದಾಗ ಗೃಹಸ್ಥನ ಕರ್ತವ್ಯವೇನು ಎಂಬುದನ್ನು ಧರ್ಮಶಾಸ್ತ್ರಕಾರರು ಹೇಳದೆ ಬಿಟ್ಟಿದ್ದಾರೆ. ಮಹಡಿಯ ಮೇಲೆ ಕೂತು 40 ಜಿಬಿಯ ಆಟ ಇಳಿಸಿಕೊಳ್ಳುವ ಮಗ ಅವರಿಗೆ ಇರಲಿಲ್ಲ. ಆ ಕೊರತೆ ತುಂಬಲು ಮೈಸೂರಿನ ನಮ್ಮ ಮನೆಯನ್ನೇ ಕ್ಷೇತ್ರವಾಗಿಟ್ಟುಕೊಂಡು ಈ ಗ್ರಂಥವನ್ನು ಆರಂಭಿಸಲಾಗಿದೆ.

ಕ್ಷೇತ್ರಪರಿಚಯ. ರೌಟರಿನ ವಾಸ ಕೆಳಗೆ ಹಾಲ್‌ನಲ್ಲಿ, ಅಮ್ಮ ಹೊದಿಸಿದ ಕ್ರೋಶಾ ಬಟ್ಟೆಯ ಅಡಿ. ಅಲ್ಲಿಂದ ಒಂದು ಲ್ಯಾನ್ ಕೇಬಲ್ ಮೆಟ್ಟಿಲು ಹತ್ತಿ ಮಗನ ಕಂಪ್ಯೂಟರು ಸೇರುತ್ತದೆ. ದುಡ್ಡು ಕಟ್ಟುವುದು ಸೆಕೆಂಡಿಗೆ 300 ಮೆಗಾಬಿಟ್ಟಿಗೆ. ಆಟ ಇಳಿಯುವಾಗ ಪರದೆ ತೋರಿಸುವುದು 11.7.

"ಮೋಸ!" ಎಂದ ಮಗ. ಇದು ಮೊದಲ ಪೂರ್ವಪಕ್ಷ. ಖಂಡನೆ: ಬಿಲ್ಲಿನ ಲೆಕ್ಕ ಬಿಟ್ಟಿನಲ್ಲಿ, ಪರದೆಯ ಲೆಕ್ಕ ಬೈಟಿನಲ್ಲಿ, ಬೈಟಿಗೆ ಎಂಟು ಬಿಟ್. ಪಾವಿನ ಲೆಕ್ಕದಲ್ಲಿ ಕೊಂಡು ಸೇರಿನಲ್ಲಿ ಅಳೆದರೆ ಎಂಥ ಅಂಗಡಿಯವನೂ ಕಳ್ಳನೇ. ಆದರೂ 11.7ನ್ನು ಎಂಟರಿಂದ ಗುಣಿಸಿದರೆ 94ರ ಹತ್ತಿರ ಬಂತೇ ಹೊರತು 300 ಆಗಲಿಲ್ಲ. ಇಪ್ಪತ್ತು ನಿಮಿಷದೊಳಗೆ ಇಳಿಯಬೇಕಾದ ಆಟಕ್ಕೆ ಒಂದು ಗಂಟೆ. ಪಕ್ಷ ಅರ್ಧ ಸೋತಿತು, ಅರ್ಧ ಉಳಿಯಿತು.

ಎರಡನೆಯದು ಪತ್ನೀಪಕ್ಷ: "ಅತ್ತೆ ಓವನ್‌ನಲ್ಲಿ ಸಾರು ಬಿಸಿ ಮಾಡಿದಾಗ್ಲೇ ನೆಟ್ ಸಾಯತ್ತೆ." ಇದನ್ನು ತಳ್ಳಿಹಾಕುವಂತಿಲ್ಲ. ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ನನ್ನ ಹಳೇ ಮೊಬೈಲಿನ ವೈಫೈ ಓಡಾಡುವುದೂ 2.4ರ ಅದೇ ಓಣಿಯಲ್ಲಿ. ಸಾರು ಬಿಸಿಯಾಗುವ ಎರಡು ನಿಮಿಷ ಅದು ನಿಜಕ್ಕೂ ಮಂಕಾಗುತ್ತದೆ. ಆದರೆ ಮಹಡಿಗೆ ಹೋಗಿರುವುದು ತಂತಿ. ತಂತಿಗೂ ಸಾರಿಗೂ ಗಂಟು ಹಾಕುವುದನ್ನು ತಾರ್ಕಿಕರು ಹೇತ್ವಾಭಾಸ ಎನ್ನುತ್ತಾರೆ. (ಇದನ್ನು ಅತ್ತೆ-ಸೊಸೆ ಇಬ್ಬರೂ ಇರುವ ಅಡುಗೆಮನೆಯಲ್ಲಿ ವಿವರಿಸಬಾರದು. ನಾನು ವಿವರಿಸಿದೆ.)

ಮೂರನೆಯದು ಮಾತೃಪಕ್ಷ: "ಪಕ್ಕದ್ಮನೆಯೋರು ಕದೀತಿದಾರೆ ಕಣೋ." ಖಂಡನೆ: ಬೆಳಗ್ಗೆ ನೋಡಿದರೂ 94, ನಡುರಾತ್ರಿ ನೋಡಿದರೂ 94. ದಿನಾ ಅಳೆದು ಅಷ್ಟನ್ನೇ ಬಿಟ್ಟುಹೋಗುವ ಕಳ್ಳ ಯಾವ ಶಾಸ್ತ್ರದಲ್ಲೂ ಇಲ್ಲ.

ಇನ್ನು ಶಬ್ದಪ್ರಮಾಣ, ಎಂದರೆ ಕಸ್ಟಮರ್ ಕೇರ್: "ಆಫ್ ಮಾಡಿ ಆನ್ ಮಾಡಿ ಸಾರ್." ಮೂರು ಸಲ ಪಾರಾಯಣವಾಯಿತು. ಫಲಶ್ರುತಿ 94.

ಕೊನೆಗೆ ಉಳಿದದ್ದು ಅನ್ವಯ-ವ್ಯತಿರೇಕ: ಒಂದನ್ನು ಮಾತ್ರ ಬದಲಿಸು, ಮಿಕ್ಕದ್ದನ್ನು ಮುಟ್ಟಬೇಡ. ನನ್ನ ಲ್ಯಾಪ್‌ಟಾಪನ್ನು ರೌಟರಿನ ಪಕ್ಕದಲ್ಲೇ ಗಿಡ್ಡ ತಂತಿಯಿಂದ ಜೋಡಿಸಿದೆ: 290. ಅದೇ ಲ್ಯಾಪ್‌ಟಾಪನ್ನು ಮಹಡಿಗೆ ಹೊತ್ತು ಮಗನ ತಂತಿಗೆ ಸಿಕ್ಕಿಸಿದೆ: 94. ರೌಟರು, ಕಂಪನಿ, ಅಮ್ಮ, ಸಾರು ಎಲ್ಲರೂ ಖುಲಾಸೆ. ಆರೋಪಿ ಮೆಟ್ಟಿಲ ಮೇಲಿದ್ದ.

94ರ ಗುಟ್ಟು ಇಲ್ಲಿದೆ. ಲ್ಯಾನ್ ಕೇಬಲಿನೊಳಗೆ ಎಂಟು ತಂತಿ, ಎರಡೆರಡು ಹೆಣೆದು ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. 100ಕ್ಕೆ ಕಿತ್ತಳೆ, ಹಸಿರು ಎರಡೇ ಸಾಕು. ಮಿಕ್ಕೆರಡರಲ್ಲಿ ಒಂದು ಜೋಡಿ ಹೋದರೆ ಯಂತ್ರಗಳು ಒಳಗೊಳಗೇ ರಾಜಿಯಾಗಿ 100ಕ್ಕೆ ಇಳಿಯುತ್ತವೆ, ಮನೆಯವರಿಗೆ ಹೇಳುವುದಿಲ್ಲ. ಆ 100ರಲ್ಲೂ ಐದಾರು ವಿಳಾಸ, ಮುದ್ರೆಗಳ ಸಾಗಣೆ ಖರ್ಚು.

ಮೆಟ್ಟಿಲ ತಿರುವಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಹಿಂದೆ, ಕಡಲೆಕಾಯಿ ಚೀಲದ ಪಕ್ಕ ಟಾರ್ಚು ಬಿಟ್ಟೆ. ತಂತಿಯ ಬೂದು ಸಿಪ್ಪೆ ಹೆಬ್ಬೆರಳ ಉಗುರಿನಷ್ಟು ಸುಲಿದಿತ್ತು, ಅಂಚಿನಲ್ಲಿ ಸಾಲಾಗಿ ಸಣ್ಣ ಹಲ್ಲಿನ ಗುರುತು. ನೀಲಿ ಜೋಡಿ ತುಂಡಾಗಿ ತಾಮ್ರ ಮಿನುಗುತ್ತಿತ್ತು. ಉಳಿದ ಮೂರಕ್ಕೆ ಒಂದು ಗೀರೂ ಇಲ್ಲ.

ಹೊಸ ಕೇಬಲ್ಲು ಪಿವಿಸಿ ಪೈಪಿನೊಳಗೆ ಹೋಯಿತು. ಬೋನು ತರುತ್ತೇನೆಂದಾಗ ಅಮ್ಮ "ಗಣಪತಿ ವಾಹನ ಕಣೋ" ಎಂದು ತಡೆಯಾಜ್ಞೆ ಕೊಟ್ಟಳು. ಆಮೇಲೆ ತುಂಡು ತಂತಿಯನ್ನು ಕನ್ನಡಕದ ಹತ್ತಿರ ಹಿಡಿದು, "ನೀಲೀನೇ ಯಾಕೆ ತಿಂತು?" ಎಂದು ಕೇಳಿದಳು. ಮೂಷಕಪಕ್ಷವನ್ನು ಈ ಗ್ರಂಥ ಇನ್ನೂ ಆಲಿಸಿಲ್ಲ.