ಮೂರು ‘ಇಲ್ಲ’ಗಳ ಅಂಗಿ

ನನ್ನ ಕುತ್ತಿಗೆಯ ಬೆವರುಸಾಲೆ ನೋಡಿದ ಡಾಕ್ಟರು, “ಪಾಲಿಯೆಸ್ಟರ್ ಬಿಡಿ, ಹತ್ತಿ ಬಟ್ಟೆ ಹಾಕಿ” ಅಂದರು. ಅದಕ್ಕೆ “ಸಾವಯವ ಹತ್ತಿ” ಎಂದು ಬಾಲ ಕಟ್ಟಿದವಳು ಮಗಳು.

ಜಯನಗರದ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಒಳಗೆ ಸಣ್ಣಗೆ ವೀಣೆ, ಲಾವಂಚದ ವಾಸನೆ, ಕೆಮ್ಮಿದರೆ ಅಪಚಾರವಾದೀತು ಎಂಬಂಥ ಮೌನ. ಅಂಗಡಿಯ ಹುಡುಗಿ ಒಂದು ಅಂಗಿ ಬಿಡಿಸಿ, “ಇದರಲ್ಲಿ ಕೀಟನಾಶಕ ಇಲ್ಲ ಸರ್, ಕುಲಾಂತರಿ ಬೀಜ ಇಲ್ಲ, ಕೆಮಿಕಲ್ ಬಣ್ಣ ಇಲ್ಲ” ಅಂದಳು. ಇಸ್ತ್ರಿಯೂ ಇರಲಿಲ್ಲ, ಅದನ್ನು ಹೇಳಲಿಲ್ಲ. ಚೀಟಿ ತಿರುಗಿಸಿದೆ: 3,400 ರೂಪಾಯಿ. ಒಂದೊಂದು ‘ಇಲ್ಲ’ಕ್ಕೆ ಸಾವಿರದ ಮೇಲೆ ಬಿತ್ತು! ಈರುಳ್ಳಿ ದೋಸೆಗಿಂತ ಈರುಳ್ಳಿ ಇಲ್ಲದ ದೋಸೆಗೆ ಹೆಚ್ಚು ದುಡ್ಡು ಕೇಳುವ ಹೋಟೆಲನ್ನು ನಾನಿನ್ನೂ ಕಂಡಿಲ್ಲ.

ರಾತ್ರಿ ಗದಗದ ಕಡೆಯ ನಮ್ಮೂರಿಗೆ ಫೋನ್ ಮಾಡಿ ಅಪ್ಪನ ಹತ್ತಿರ ಹೇಳಿಕೊಂಡೆ. ನಮ್ಮ ಎರೆಹೊಲದಲ್ಲಿ ಅಪ್ಪ ಬೆಳೆಯುತ್ತಿದ್ದುದು ಜಯಧರ, ದೇಸಿ ಹತ್ತಿ. ಮುಂಗಾರು ಮುಗಿಯುವ ಹೊತ್ತಿಗೆ ಬಿತ್ತಿದರೆ ನೆಲದ ತೇವದಲ್ಲೇ ಬೇಸಿಗೆ ಮುಟ್ಟುತ್ತಿತ್ತು. ಎಳೆ ಮಾತ್ರ ಗಿಡ್ಡ. ಮಿಲ್ಲಿಗೆ ಉದ್ದ ಎಳೆ ಬೇಕು, ದಲಾಲಿ ಅಂಗಡಿಯಲ್ಲಿ ಹಿಡಿ ಹಿಂಜಿ ನೋಡಿ ಮೂಗು ಮುರಿಯುತ್ತಿದ್ದರು. 2002ರಲ್ಲಿ ಬಿಟಿ ಹತ್ತಿಗೆ ಸರ್ಕಾರ ಒಪ್ಪಿಗೆ ಕೊಟ್ಟ ಮೇಲೆ ಅಕ್ಕಪಕ್ಕದ ಹೊಲದವರೆಲ್ಲ ಅತ್ತ ಹೊರಳಿದರು. ಅಪ್ಪ ಹತ್ತಿಯನ್ನೇ ಬಿಟ್ಟ.

“ನೀ ಆಗಲೇ ಸಾವಯವ ಕೃಷಿ ಮಾಡೀಯಪ್ಪಾ” ಅಂದೆ.

“ಎಣ್ಣಿ ಹೊಡಿಯಾಕ ರೊಕ್ಕ ಎಲ್ಲಿತ್ತಲೇ ತಮ್ಮಾ? ಇದ್ದಿದ್ರ ಹೊಡೀತಿದ್ವಿ.”

ರೊಕ್ಕವಿಲ್ಲದ್ದಕ್ಕೆ ಅಪ್ಪ ಸಾವಯವನಾದ. ಅದೇ ಕಾರಣಕ್ಕೆ ನಾನು ಆಗಲಾರದೆ ಉಳಿದೆ.

ಅಂಗಡಿಯ ಆ ಚೀಟಿಯ ಮೇಲೆ ಸಾವಯವ ಬಟ್ಟೆಗೆ ಒತ್ತುವ ‘ಜಿಓಟಿಎಸ್’ ಎಂಬ ಮುದ್ರೆಯೂ ಇತ್ತು. ನೂರಕ್ಕೆ 95 ಪಾಲು ಸಾವಯವ ನಾರಿದ್ದರೆ ಅದರಲ್ಲಿ ಒಂದು ದರ್ಜೆ, ಕನಿಷ್ಠ 70 ಇದ್ದರೆ ಇನ್ನೊಂದು. ಅಪ್ಪನಿಗೆ ವಿವರಿಸಿದೆ. “ಉಳದ ಮೂವತ್ತು ಏನ ಹಾಕ್ಯಾರ, ಕೇಳಿದೇನು?” ಅಂದ. ಕೇಳಿರಲಿಲ್ಲ.

ಮಗಳು ಸೋಲೊಪ್ಪದೆ ಹೆಗ್ಗೋಡಿನ ‘ಚರಕ’ದ ಮಾತೆತ್ತಿದಳು. ಅಲ್ಲಿ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನ ಬಣ್ಣ ಕಟ್ಟುತ್ತಾರೆ, ಕಂದುಗೆಂಪಿನ ಚೆಂದದ ಬಣ್ಣ. ನನ್ನವಳ ತವರು ಸಾಗರ. “ಅಡಿಕೆ ಬೇಯಿಸುವಾಗ ಲಂಗಕ್ಕೆ ಚೊಗರು ತಾಗಿದರೆ ಅಮ್ಮ ಬೆನ್ನಿಗೆ ಬಾರಿಸ್ತಿದ್ದಳು. ಈಗ ದುಡ್ಡು ಕೊಟ್ಟು ತಾಗಿಸಿಕೊಳ್ಳಬೇಕಾ?” ಎಂದು ಒಳಗೆ ಹೋದಳು.

ಕಡೆಗೆ ಗಾಂಧಿ ಜಯಂತಿಯ ರಿಯಾಯಿತಿ ಕಾದು ಒಂದು ಖಾದಿ ಅಂಗಿ ತಂದೆ. ಖಾದಿಯೆಂದರೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದು, ಅಷ್ಟೇ. ಹತ್ತಿಗೆ ಹೊಲದಲ್ಲಿ ಏನು ಹೊಡೆದರೆಂಬುದು ನೂಲಿಗೆ ಗೊತ್ತಿಲ್ಲ, ಬಿಲ್ಲು ಹರಿದ ಅಣ್ಣನಿಗೂ ಗೊತ್ತಿರಲಿಲ್ಲ. ಬೆವರುಸಾಲೆ ಮಾತ್ರ ಎರಡೇ ದಿನಕ್ಕೆ ಇಳಿಯಿತು. ಮೂರನೆಯ ದಿನ ಒಗೆದೆವು, ಅಂಗಿಯೂ ಇಳಿಯಿತು. ಈಗ ಅದನ್ನು ಮಗಳು ಕಾಲೇಜಿಗೆ ಹಾಕಿಕೊಂಡು ಹೋಗುತ್ತಾಳೆ.

ಸಾವಿರ ರೂಪಾಯಿಯೊಳಗೆ ಸಾವಯವ ಅಂಗಿ ಸಿಗುವ ಜಾಗ ಗೊತ್ತಿದ್ದವರು ದಯವಿಟ್ಟು ತಿಳಿಸಿ. ನನ್ನ ಅಳತೆ 42, ಒಗೆದ ಮೇಲೆ.