ಪ್ರಥಮದರ್ಶನ ಮೀಮಾಂಸೆ: ‘ನಂಗೆ ಆಗ್ಲೇ ಗೊತ್ತಿತ್ತು’ ಎಂಬ ಮಹಾವಾಕ್ಯದ ವಿಚಾರ

ವಿಷಯ

ಸಿನಿಮಾ ಮುಗಿದು, ದೀಪ ಹತ್ತಿ, ಸೀಟಿನಡಿ ಕಾಲಲ್ಲೇ ಚಪ್ಪಲಿ ತಡಕುವ ಹೊತ್ತಿಗೆ ಕನ್ನಡ ನಾಡಿನ ಯಾವ ಚಿತ್ರಮಂದಿರದಲ್ಲಾದರೂ ಕೇಳಿಬರುವ ಮಾತು ಒಂದೇ: ‘ನಂಗೆ ಆಗ್ಲೇ ಗೊತ್ತಿತ್ತು.’ ವೇದಾಂತಕ್ಕೆ ಮಹಾವಾಕ್ಯಗಳು ನಾಲ್ಕು ಬೇಕಾದವು. ಸಿನಿಮಾ ನೋಡುವವರಿಗೆ ಇದೊಂದೇ ಸಾಕಾಗಿದೆ. ಈ ವಾಕ್ಯದಲ್ಲಿ ‘ನಂಗೆ’ ಎಂಬುದರ ಅರ್ಥ ಎಲ್ಲರಿಗೂ ತಿಳಿದದ್ದು. ‘ಗೊತ್ತಿತ್ತು’ ಎಂಬುದರ ಬಗ್ಗೆ ಜಗಳವಿದೆ. ಆದರೆ ವಿದ್ವಾಂಸರ ಕಣ್ಣಿಗೇ ಬೀಳದೆ ಉಳಿದ ಪದ ‘ಆಗ್ಲೇ’. ಆಗ್ಲೇ ಎಂದರೆ ಯಾವಾಗ? ಇಂಟರ್‌ವಲ್ಲಿಗೆ ಮುಂಚೆಯೋ, ಪಾಪ್‌ಕಾರ್ನ್ ಖಾಲಿಯಾದ ಮೇಲೋ, ಇಲ್ಲಾ ಈಗಷ್ಟೇ, ಹೊರಬಾಗಿಲಲ್ಲೋ? ಪ್ರಸ್ತುತ ಪ್ರಬಂಧ ಈ ಒಂದೇ ಪದದ ಬೆನ್ನು ಹತ್ತಿದೆ.

ನಮ್ಮ ಮೀಮಾಂಸಕರು ತೊಡಕಿನ ಪ್ರಶ್ನೆಯೊಂದನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳಲ್ಲಿ ಬಿಡಿಸುತ್ತಿದ್ದರು. ಯಜ್ಞಕ್ಕೆ ಸಲ್ಲುವ ಮರ್ಯಾದೆ ಸಿನಿಮಾಕ್ಕೇಕೆ ಎಂದು ಕೇಳುವವರು ಒಮ್ಮೆ ಮಲ್ಟಿಪ್ಲೆಕ್ಸಿನ ಟಿಕೆಟ್ ದರ ನೋಡಬೇಕು. ಯಜ್ಞವೇ ಅಗ್ಗ ಅನ್ನಿಸೀತು.

ಸಂಶಯ

ಪ್ರಯೋಗವಿಲ್ಲದ ಶಾಸ್ತ್ರ ಉಪ್ಪಿಲ್ಲದ ಸಾರು. ಆದ್ದರಿಂದ ಪ್ರಬಂಧಕಾರನು ತನ್ನ ಮನೆಯ ಹಜಾರವನ್ನೇ ಪ್ರಯೋಗಶಾಲೆ ಮಾಡಿಕೊಂಡು, ಅನೂಪ್ ಭಂಡಾರಿಯವರ ‘ರಂಗಿತರಂಗ’ (2015) ಚಿತ್ರವನ್ನು, ಅದನ್ನು ಹಿಂದೆಂದೂ ನೋಡಿರದ ಐವರ ಮುಂದೆ ಹಾಕಿದನು. ತಲೆಗೊಂದು ಚೀಟಿ, ಒಂದು ಪೆನ್ಸಿಲು. ಅರ್ಧ ಚಿತ್ರ ಆಗುತ್ತಲೇ ಅಪರಾಧಿ ಯಾರೆಂದು ಬರೆದು, ಮಡಿಸಿ, ಖಾಲಿ ಕಾಫಿಪುಡಿ ಡಬ್ಬಿಗೆ ಹಾಕಬೇಕೆಂಬುದು ನಿಯಮ.

ಫಲಿತಾಂಶ ಹೀಗಿದೆ. ಅಕ್ಕನ ಮಗನ ಚೀಟಿಯಲ್ಲಿ ಸರಿಯುತ್ತರವಿತ್ತು. ಅವನ ಮೊಬೈಲಿನಲ್ಲೂ ಇತ್ತು. ಭಾವ ‘ನಿರ್ದೇಶಕರು’ ಎಂದು ಬರೆದಿದ್ದರು. ಅಕ್ಕನ ಚೀಟಿಯಲ್ಲಿ ಮಾರನೆಯ ದಿನ ತರಬೇಕಾದ ತರಕಾರಿಯ ಪಟ್ಟಿ ಇತ್ತು. ಚಿಕ್ಕಪ್ಪ ಒಂದು ಹಾಡು ಮುಗಿಯುವಷ್ಟರಲ್ಲಿ ನಿದ್ದೆ ಹೋಗಿ, ಕ್ಲೈಮ್ಯಾಕ್ಸಿನ ಗದ್ದಲಕ್ಕೆ ಬೆಚ್ಚಿ ಎದ್ದು, ‘ಯಾರೋ ಇವನು?’ ಎಂದರು. ಐವರಲ್ಲಿ ನಿಜವಾಗಿ ಬೆರಗಾದವರು ಅವರೊಬ್ಬರೇ ಎಂಬುದನ್ನು ಶಾಸ್ತ್ರ ಮರೆಯಬಾರದು.

ಉಳಿದವರು ನಮ್ಮ ಸೋದರತ್ತೆ. ಅತ್ತೆ ಚಿತ್ರದುದ್ದಕ್ಕೂ ಕಮರೊಟ್ಟು ಗ್ರಾಮದ ಒಬ್ಬೊಬ್ಬರನ್ನೇ ದಿಟ್ಟಿಸಿ, ‘ಇವ್ನೇ ನೋಡು, ಇವ್ನ ನಗುನೇ ಸರಿ ಇಲ್ಲ’ ಎಂದು ತೀರ್ಪು ಕೊಡುತ್ತ ಹೋದರು. ಗಂಡಸರು ಮುಗಿದ ಮೇಲೆ ಹೆಂಗಸರು, ಹೆಂಗಸರು ಮುಗಿದ ಮೇಲೆ ಭೂತ. ಕೊನೆಗೆ ಗುಟ್ಟು ರಟ್ಟಾದಾಗ ಸೆರಗು ಕೊಡವಿ ಎದ್ದು, ‘ನಾನು ಆಗ್ಲೇ ಹೇಳ್ಲಿಲ್ವೇನೋ?’ ಎಂದರು. ಹೇಳಿದ್ದು ಸುಳ್ಳಲ್ಲ. ಊರಿಗೆ ಊರನ್ನೇ ಕರೆದವರ ಪಟ್ಟಿಯಲ್ಲಿ ಕಳ್ಳನೊಬ್ಬ ಬಿಟ್ಟುಹೋಗುವುದುಂಟೆ? ಡಬ್ಬಿಯಿಂದ ಅವರ ಚೀಟಿ ತೆಗೆದು ನೋಡಿದರೆ ಎರಡೇ ಸಾಲು: ‘ಗೊತ್ತು. ಆಮೇಲೆ ಹೇಳ್ತೀನಿ.’

ಹಾಗಾದರೆ ಗೊತ್ತಿತ್ತೋ, ಇಲ್ಲವೋ?

ಪೂರ್ವಪಕ್ಷ

ಗೊತ್ತಿತ್ತು ಎಂಬುದೇ ಪೂರ್ವಪಕ್ಷ. ಭಾಟ್ಟ ಮೀಮಾಂಸಕರು ಜ್ಞಾನಕ್ಕೆ ಆರು ಪ್ರಮಾಣಗಳನ್ನು ಒಪ್ಪಿದ್ದಾರೆ, ಆರೂ ಟಿಕೆಟ್ ಕೊಂಡು ಒಳಗೆ ಬಂದಿವೆ ಎಂದು ಪೂರ್ವಪಕ್ಷಿ ವಾದಿಸುತ್ತಾನೆ.

ಮೊದಲನೆಯದು ಪ್ರತ್ಯಕ್ಷ. ಚಿತ್ರ ಶುರುವಾಗುವ ಮುನ್ನ ಸೆನ್ಸಾರ್ ಪ್ರಮಾಣಪತ್ರವೊಂದು ತೆರೆಯ ಮೇಲೆ ಮಿಂಚಿ ಮಾಯವಾಗುತ್ತದೆ. ಅದರಲ್ಲಿ ಚಿತ್ರದ ಉದ್ದ ಬರೆದಿರುತ್ತದೆ. ಹಿಂದೆಲ್ಲ ಗಾಂಧಿ ಕ್ಲಾಸಿನಿಂದ ‘ಹದಿನಾರು ರೀಲು!’ ಎಂಬ ಘೋಷಣೆ ಏಳುತ್ತಿತ್ತು. ಇದನ್ನು ಕುತೂಹಲವೆಂದು ತಿಳಿದವರು ಮೂಢರು. ಅದು ಅಪರಾಧಶಾಸ್ತ್ರದ ಮೊದಲ ಪಾಠ. ಇನ್ನೂ ನಲವತ್ತು ನಿಮಿಷ ಬಾಕಿ ಇರುವಾಗ ಯಾರ ಕೈಗೆ ಬೇಡಿ ಬಿತ್ತೋ ಅವನು ನಿರಪರಾಧಿ. ಇದನ್ನು ಕಂಡುಹಿಡಿಯಲು ಪತ್ತೇದಾರ ಬೇಡ, ಗಡಿಯಾರ ಸಾಕು.

ಎರಡನೆಯದು ಅನುಮಾನ. ಹೊಗೆ ಕಂಡಲ್ಲಿ ಬೆಂಕಿ ಎಂಬುದು ತಾರ್ಕಿಕರ ಉದಾಹರಣೆ. ಕೆಮ್ಮು ಕೇಳಿದಲ್ಲಿ ಹಾರ ಹಾಕಿದ ಫೋಟೊ ಎಂಬುದು ನಮ್ಮದು. ಮೊದಲರ್ಧದಲ್ಲಿ ಕೆಮ್ಮಿದ ತಂದೆ ಎರಡನೆಯ ಅರ್ಧದಲ್ಲಿ ಬದುಕಿ ಉಳಿದ ದೃಷ್ಟಾಂತ ಪ್ರಬಂಧಕಾರನ ಅನುಭವದಲ್ಲಿಲ್ಲ. ಸಂಸ್ಕೃತದಲ್ಲಿ ಅನುಮಾನವೆಂದರೆ ತರ್ಕ, ಕನ್ನಡದಲ್ಲಿ ಶಂಕೆ. ಸುನಿಲ್ ಕುಮಾರ್ ದೇಸಾಯಿ 1989ರಲ್ಲಿ ಹಾಡುಗಳಿಲ್ಲದೆ ಶಂಕೆಯನ್ನೇ ಹಾಸಿ ಹೊದ್ದ ಚಿತ್ರ ಮಾಡಿ ಅದಕ್ಕೆ ‘ತರ್ಕ’ ಎಂದು ಹೆಸರಿಟ್ಟರು. ಎರಡು ಭಾಷೆಗಳ ನಡುವಿನ ವ್ಯಾಜ್ಯ ಅಲ್ಲಿಗೆ ರಾಜಿಯಾಯಿತು. ಇನ್ನು ವಜ್ರಮುನಿ ನಗುತ್ತ ಹಣ್ಣಿನ ತಟ್ಟೆ ಹಿಡಿದು ಬಂದರೆ ಎಪ್ಪತ್ತರ ದಶಕದ ಪ್ರೇಕ್ಷಕನಿಗೆ ಬೇರೆ ಸುಳಿವು ಬೇಕಿರಲಿಲ್ಲ. ಅವರು ಕೊನೆಯವರೆಗೂ ಸಜ್ಜನರಾಗಿಯೇ ಉಳಿದುಬಿಟ್ಟರೆ, ಅದೇ ಆ ಕಾಲದ ನಿಜವಾದ ಟ್ವಿಸ್ಟು.

ಮೂರನೆಯದು ಉಪಮಾನ. ಹಸುವಿನಂತಿರುವ ಪ್ರಾಣಿ ಗವಯ ಎಂದು ಕೇಳಿದವನು ಕಾಡಿನಲ್ಲಿ ಅದನ್ನು ಕಂಡೊಡನೆ ಗುರುತಿಸುತ್ತಾನೆ. ಹಾಗೆಯೇ 1993ರ ಮಲಯಾಳಂ ‘ಮಣಿಚಿತ್ರತಾಳ್’ ನೋಡಿದವನು 2004ರ ‘ಆಪ್ತಮಿತ್ರ’ವನ್ನೂ, ಮರುವರ್ಷದ ತಮಿಳು ‘ಚಂದ್ರಮುಖಿ’ಯನ್ನೂ, 2007ರ ಹಿಂದಿ ‘ಭೂಲ್ ಭುಲಯ್ಯಾ’ವನ್ನೂ ಕಂಡೊಡನೆ ಗುರುತಿಸಿದನು. ಒಂದೇ ಗುಟ್ಟನ್ನು ಇಷ್ಟು ಭಾಷೆಗಳಲ್ಲಿ ಕಾಪಾಡಿದ ದೇಶ ಇನ್ನೊಂದಿಲ್ಲ.

ನಾಲ್ಕನೆಯದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಿರಲೇಬೇಕು. ಹೆಸರಾಂತ ನಟರೊಬ್ಬರು ಒಂದು ಗಂಟೆಯಿಂದ ‘ಊಟ ಆಯ್ತಾ?’ ಎಂಬುದನ್ನು ಬಿಟ್ಟು ಏನೂ ಮಾತಾಡಿಲ್ಲ. ಆದ್ದರಿಂದ ಕೊಲೆ ಮಾಡಿರಲೇಬೇಕು. ಊಟ ವಿಚಾರಿಸುವುದಕ್ಕಾಗಿ ಅಷ್ಟು ದೊಡ್ಡ ಸಂಭಾವನೆಯನ್ನು ಯಾವ ನಿರ್ಮಾಪಕರೂ ಕೊಡುವುದಿಲ್ಲ.

ಐದನೆಯದು ಶಬ್ದ. ಇದರಲ್ಲಿ ಎರಡು ಬಗೆ. ಒಂದು ಹಿನ್ನೆಲೆ ಸಂಗೀತ: ಪಾತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದು ಪಿಟೀಲಿಗೆ ಮೊದಲು ತಿಳಿಯುತ್ತದೆ. ಇನ್ನೊಂದು ಆಪ್ತವಾಕ್ಯ, ಎಂದರೆ ಮ್ಯಾಟ್ನಿ ನೋಡಿ ಹೊರಬರುವ ಆಪ್ತಮಿತ್ರ ಫಸ್ಟ್ ಶೋಗೆ ನಿಂತ ಸಾಲಿನತ್ತ ನೋಡಿ ಒದರುವ ಮಾತು. ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಶುರುವಾದ ಮೇಲೆ ಒಬ್ಬರನ್ನೂ ಒಳಗೆ ಬಿಡಬೇಡಿ ಎಂದು ಚಿತ್ರಮಂದಿರಗಳಿಗೆ ಕಟ್ಟುನಿಟ್ಟು ಮಾಡಿದ್ದ. ಲಂಡನ್ನಿನಲ್ಲಿ 1952ರಿಂದ ಆಡುತ್ತಿರುವ ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ ನಾಟಕದ ಕೊನೆಯಲ್ಲಿ ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ನಮ್ಮಲ್ಲಿ ಈ ಎರಡು ಉಪಾಯಗಳೂ ನಡೆಯವು. ತಡವಾಗಿ ಬರುವುದು ಜನ್ಮಸಿದ್ಧ ಹಕ್ಕು. ಇನ್ನು ಕೇಳಿಕೊಂಡರಂತೂ, ಹೇಳಲೇಬೇಕಾದ ಸುದ್ದಿ ಇದು ಎಂದು ಖಾತ್ರಿಯಾಗುತ್ತದೆ.

ಆರನೆಯದು ಅನುಪಲಬ್ಧಿ. ಕಾಣದಿರುವುದೂ ಒಂದು ಜ್ಞಾನ. ಹೆಣ ಕಾಣಲಿಲ್ಲವೇ? ಹಾಗಾದರೆ ಸತ್ತಿಲ್ಲ. ಜೀಪು ಪ್ರಪಾತಕ್ಕೆ ಉರುಳಿ ಮೂರು ಕೋನಗಳಿಂದ ಸ್ಫೋಟಗೊಂಡರೂ ಅಷ್ಟೇ. ಕಾನನ್ ಡಾಯ್ಲ್ 1893ರಲ್ಲಿ ಶೆರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಕಳಿಸಿದ, ಹೆಣ ತೋರಿಸಲಿಲ್ಲ. ಹತ್ತು ವರ್ಷದ ಮೇಲೆ ಹೋಮ್ಸ್ ಒಣಗಿದ ಬಟ್ಟೆಯಲ್ಲಿ ವಾಪಸು ಬಂದ.

ಹೀಗೆ ಆರು ಪ್ರಮಾಣಗಳಿಂದಲೂ ಪ್ರಥಮದರ್ಶನದಲ್ಲೇ ಟ್ವಿಸ್ಟು ಸಿದ್ಧವೆಂದು ಪೂರ್ವಪಕ್ಷಿ ಮೀಸೆ ತಿರುವುತ್ತಾನೆ.

ಸಿದ್ಧಾಂತ

ಸಿದ್ಧಾಂತಿಯ ಉತ್ತರ ಚಿಕ್ಕದು: ಇಷ್ಟೆಲ್ಲದರಿಂದ ಹುಟ್ಟುವುದು ಶಂಕೆ. ಅದು ಜ್ಞಾನವಾಗುವುದು ದೀಪ ಹತ್ತಿದ ಮೇಲೆ.

1975ರಲ್ಲಿ ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರಲ್ಲಿ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೊರಟಾಗ, ಅಲ್ಲಿ ಏನೇನು ನಡೆಯುವ ಸಂಭವ ಎಷ್ಟೆಷ್ಟು ಎಂದು ವಿದ್ಯಾರ್ಥಿಗಳಿಂದ ಬರೆಸಿಕೊಂಡಿದ್ದರು. ಪ್ರವಾಸ ಮುಗಿದ ಮೇಲೆ, ನೀವು ಆಗ ಬರೆದದ್ದೇನು, ನೆನಪಿಸಿಕೊಳ್ಳಿ ಎಂದರು. ನಡೆದುಹೋದದ್ದನ್ನು ತಾವು ಮೊದಲೇ ಹೆಚ್ಚು ನಂಬಿದ್ದೆವೆಂದು ವಿದ್ಯಾರ್ಥಿಗಳಿಗೆ ನೆನಪಾಯಿತು. ಬರೆದಿಟ್ಟ ಕಾಗದ ಬೇರೆ ಹೇಳುತ್ತಿತ್ತು. ನಿಕ್ಸನ್ನನ ಜಾಗದಲ್ಲಿ ಭೂತವನ್ನೂ, ಕಾಗದದ ಜಾಗದಲ್ಲಿ ಕಾಫಿಪುಡಿ ಡಬ್ಬಿಯನ್ನೂ ಇಟ್ಟರೆ ನಮ್ಮ ಅತ್ತೆ ಅಂತಾರಾಷ್ಟ್ರೀಯ ಮಟ್ಟದ ವ್ಯಕ್ತಿ ಎಂಬುದು ಸಿದ್ಧವಾಗುತ್ತದೆ.

ಸಿನಿಮಾದವರೇ ಈ ರೋಗಕ್ಕೆ ಆರೈಕೆ ಮಾಡುತ್ತಾರೆ. ‘ದಿ ಸಿಕ್ಸ್ತ್ ಸೆನ್ಸ್’ (1999) ಚಿತ್ರದಲ್ಲಿ ಗುಟ್ಟು ಬಯಲಾದ ಕ್ಷಣಕ್ಕೆ ಹಳೆಯ ದೃಶ್ಯಗಳು ಮತ್ತೆ ಕಣ್ಣ ಮುಂದೆ ಹಾಯುತ್ತವೆ. ಇಷ್ಟು ಸುಳಿವು ಕೊಟ್ಟಿದ್ದೆನಲ್ಲಪ್ಪಾ ಎಂದು ನಿರ್ದೇಶಕ ಅಂದಂತೆ. ಹೌದಲ್ಲ, ನೋಡಿದ್ದೆನಲ್ಲ ಎಂದುಕೊಳ್ಳುತ್ತಾನೆ ಪ್ರೇಕ್ಷಕ. ನೋಡಿದ್ದು ನಿಜ, ಕಂಡದ್ದು ಮಾತ್ರ ಈಗ. ಉಪೇಂದ್ರ 1998ರಲ್ಲಿ ‘ಎ’ ಚಿತ್ರಕ್ಕೆ ‘ಬುದ್ಧಿವಂತರಿಗೆ ಮಾತ್ರ’ ಎಂಬ ಅಡಿಬರಹ ಹಾಕಿ ಇನ್ನೂ ಮುಂದೆ ಹೋದರು. ಅದನ್ನು ಓದಿ ಒಳಗೆ ಹೋದವನು ಹೊರಗೆ ಬಂದು ಅರ್ಥವಾಗಲಿಲ್ಲ ಅನ್ನುವುದಾದರೂ ಹೇಗೆ?

ಆಕ್ಷೇಪ ಬರಬಹುದು: ಸಾಕಷ್ಟು ಸಮಯ ಕೊಟ್ಟರೆ ಪ್ರೇಕ್ಷಕ ಊಹಿಸಿಯಾನು. ಕೊಟ್ಟು ನೋಡಿದ್ದಾಗಿದೆ. ಕಟ್ಟಪ್ಪ ಬಾಹುಬಲಿಯನ್ನು ಏಕೆ ಕೊಂದ ಎಂಬ ಪ್ರಶ್ನೆಯನ್ನು 2015ರ ಜುಲೈ 10ರಂದು ದೇಶಕ್ಕೆ ಒಪ್ಪಿಸಿ, ಉತ್ತರಪತ್ರಿಕೆಯನ್ನು 2017ರ ಏಪ್ರಿಲ್ 28ಕ್ಕೆ ತೆರೆಯಲಾಯಿತು. ಇಷ್ಟು ಬಿಡುವಿನಲ್ಲಿ ಕಟ್ಟಪ್ಪನ ಮೇಲೆ ಹೊರಿಸದ ಕಾರಣವಿಲ್ಲ. ಹೀಗಾಗಿ ಆ ದಿನ ಎಲ್ಲರೂ ಗೆದ್ದರು. ಆದರೆ ಬಿಡುಗಡೆಗೆ ಮುನ್ನ, ಕಟ್ಟಪ್ಪನ ಪಾತ್ರಧಾರಿ ಸತ್ಯರಾಜ್ ಹಿಂದೆಂದೋ ಕಾವೇರಿ ವಿಚಾರದಲ್ಲಿ ಆಡಿದ ಮಾತು ಎದ್ದು ಬಂದು, ಕರ್ನಾಟಕದಲ್ಲಿ ಪ್ರತಿಭಟನೆಯಾಗಿ, ಅವರು ವಿಷಾದ ವ್ಯಕ್ತಪಡಿಸಿದ ಮೇಲೆ ಚಿತ್ರ ತೆರೆ ಕಂಡಿತು. ಮಾಹಿಷ್ಮತಿಯ ಕಥೆಗೆ ಕಾವೇರಿ ಅಡ್ಡ ಹರಿದಾಳೆಂದು ಯಾವ ಊಹಾವೀರನೂ ಬರೆದಿಟ್ಟಿರಲಿಲ್ಲ.

ಆದ್ದರಿಂದ ನಿರ್ಣಯ: ‘ಆಗ್ಲೇ’ ಎಂಬುದು ಭೂತಕಾಲವನ್ನು ಸೂಚಿಸುವ, ಆದರೆ ವರ್ತಮಾನದಲ್ಲಿ ಹುಟ್ಟುವ ಅವ್ಯಯ.

ಸಂಗತಿ

ಗೊತ್ತಿದ್ದರೇನು, ಗೊತ್ತಿಲ್ಲದಿದ್ದರೇನು ಎಂಬುದು ಉಳಿದ ಪ್ರಶ್ನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯಲ್ಲಿ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಹನ್ನೆರಡು ಸಣ್ಣಕಥೆಗಳನ್ನು ಓದಿಸಿ ನೋಡಿದರು. ಗುಟ್ಟು ಮೊದಲೇ ತಿಳಿದವರೇ ಒಟ್ಟಾರೆ ಹೆಚ್ಚು ಮೆಚ್ಚಿಕೊಂಡರು. ಇದಕ್ಕೆ ಕ್ಯಾಲಿಫೋರ್ನಿಯಾದವರೆಗೆ ಹೋಗಬೇಕಾಗಿರಲಿಲ್ಲ. ನಮ್ಮ ಕರಾವಳಿಯಲ್ಲಿ ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲವೆಂದು ತಿಳಿದೂ ತಿಳಿದೂ ಜನ ಬೆಳಗಿನವರೆಗೆ ಯಕ್ಷಗಾನದ ಮುಂದೆ ಚಾಪೆ ಹಾಸಿ ಕೂತಿದ್ದಾರೆ. ‘ನಂಗೆ ಆಗ್ಲೇ ಗೊತ್ತಿತ್ತು’ ಎಂದು ಅಲ್ಲಿ ಎದ್ದು ನಿಂತವನನ್ನು ಊರವರು ಬೇರೆಯೇ ರೀತಿಯಲ್ಲಿ ವಿಚಾರಿಸಿಕೊಂಡಾರು.

ಇನ್ನೊಂದು ಮಾತು ಹೇಳದೆ ಮುಗಿಸಲಾಗದು. 2004ರ ಆಗಸ್ಟಿನಲ್ಲಿ ‘ಆಪ್ತಮಿತ್ರ’ ತೆರೆಗೆ ಬಂದಾಗ ಗಂಗಾ ಪಾತ್ರದ ಸೌಂದರ್ಯ ಇರಲಿಲ್ಲ. ಏಪ್ರಿಲ್ 17ರಂದು ಜಕ್ಕೂರಿನಿಂದ ಹಾರಿದ ಪುಟ್ಟ ವಿಮಾನ ಮೇಲೇರುತ್ತಲೇ ನೆಲಕ್ಕೆ ಬಿದ್ದಿತ್ತು. ಚಿತ್ರದ ಗುಟ್ಟು ತಿಳಿದಿರಲಿ ಬಿಡಲಿ, ಒಳಗೆ ಕೂತ ಎಲ್ಲರಿಗೂ ಇದು ಮೊದಲೇ ಗೊತ್ತಿತ್ತು. ಯಾವ ಪ್ರಮಾಣವೂ ಬೇಕಿರಲಿಲ್ಲ. ಪ್ರಬಂಧಕಾರ ಅಂದು ಥಿಯೇಟರಿನ ಮೆಟ್ಟಿಲಲ್ಲಿ ಕಿವಿ ತೆರೆದುಕೊಂಡೇ ನಿಂತಿದ್ದ. ಮಹಾವಾಕ್ಯ ಕೇಳಿಬರಲಿಲ್ಲ.

ಈಗಲೂ ಟಿವಿಯಲ್ಲಿ ಆ ಚಿತ್ರ ಬಂದರೆ ಅತ್ತೆ ಹುರುಳಿಕಾಯಿ ಮೊರ ಹಿಡಿದು ಎದುರಿಗೆ ಕೂರುತ್ತಾರೆ. ಎಷ್ಟನೆಯ ಸಲವೋ ಲೆಕ್ಕವಿಲ್ಲ. ಗಂಗಾ ಮುಚ್ಚಿದ ಕೋಣೆಯ ಬಾಗಿಲ ಮುಂದೆ ಬಂದು ನಿಂತೊಡನೆ ಕಾಯಿ ಮುರಿಯುವ ಕೈ ನಿಲ್ಲುತ್ತದೆ. ‘ಬೇಡ್ವೇ ತಾಯಿ, ತೆಗೀಬೇಡ್ವೇ.’

‘ತೆಗೀತಾಳೆ ಅಂತ ನಿಮ್ಗೆ ಗೊತ್ತಲ್ಲ ಅತ್ತೆ?’

‘ಸುಮ್ನಿರೋ. ಇವತ್ತು ತೆಗೀದೇನೂ ಇರಬಹುದು.’