ಸೋಮಾರಿ ಅಂದರೆ ನಮಗೆ ಬೇಜಾರಿಲ್ಲ

(ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ಸೌಂಡ್‌ನಲ್ಲಿ, ಮಂಜುಗಡ್ಡೆಯ ಕಿಂಡಿಯ ಪಕ್ಕ ಒಂದು ವೆಡೆಲ್ ಸೀಲ್ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿತ್ತು. ಮಾತಿಗೆ ಸಿಕ್ಕಿದ್ದು ಅದರ ಬೆನ್ನಿನ ಸ್ನಾಯು.)

600 ಮೀಟರ್ ಆಳಕ್ಕೂ ಇಳಿಯುತ್ತೀರಿ, ಗಂಟೆ ಮೀರಿಯೂ ನೀರೊಳಗೆ ಇರುತ್ತೀರಿ. ಶ್ವಾಸಕೋಶ ಭಾರೀ ದೊಡ್ಡದಿರಬೇಕು!

ಎಲ್ಲರೂ ಅದನ್ನೇ ಹೊಗಳುತ್ತಾರೆ ಸ್ವಾಮಿ. ನಮ್ಮ ಸೀಲಮ್ಮ ಮುಳುಗುವ ಮುಂಚೆ ಉಸಿರನ್ನು ಹೊರಗೆ ಬಿಟ್ಟೇ ಹೋಗುವುದು. ಆಳದಲ್ಲಿ ಶ್ವಾಸಕೋಶ ಮುದುಡಿ ಕೂರುತ್ತದೆ. ಸರಕೆಲ್ಲ ಇರುವುದು ರಕ್ತದಲ್ಲಿ, ಮತ್ತೆ ನನ್ನಲ್ಲಿ. ನನ್ನ ಬಣ್ಣ ನೋಡಿ, ಕಪ್ಪು ಅನ್ನುವಷ್ಟು ಕೆಂಪು. ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಅದು. ನಿಮ್ಮ ತೊಡೆಯಲ್ಲಿರುವುದರ ಸುಮಾರು ಹತ್ತು ಪಟ್ಟು.

ಅಷ್ಟು ಪ್ರೋಟೀನ್ ತುರುಕಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗದೇ?

ನಮ್ಮ ಮಯೋಗ್ಲೋಬಿನ್ ಮೈಮೇಲೆ ಧನ ವಿದ್ಯುದಾವೇಶ ಜಾಸ್ತಿ. ಒಂದು ಇನ್ನೊಂದನ್ನು ದೂರ ತಳ್ಳುತ್ತಿರುತ್ತದೆ. ಒಟ್ಟು ಕುಟುಂಬದ ಓರಗಿತ್ತಿಯರ ಹಾಗೆ, ಮನೆ ಒಂದೇ, ಸೆರಗು ತಾಗುವಂತಿಲ್ಲ. ತಿಮಿಂಗಿಲಗಳದು ಬೇರೆ ವಂಶ, ನಮ್ಮದು ಬೇರೆ. ಆದರೂ ಇಬ್ಬರೂ ಇದೇ ಉಪಾಯ ಕಂಡುಕೊಂಡೆವು. 2013ರಲ್ಲಿ ಲಿವರ್‌ಪೂಲ್‌ನ ವಿಜ್ಞಾನಿಗಳ ತಂಡ ಇದನ್ನು ಪತ್ತೆ ಮಾಡಿತು.

ಹೃದಯದ ಸಹಕಾರ ಹೇಗಿದೆ?

ಸಹಕಾರವೇ! ಮುಳುಗಿದ ಕೂಡಲೇ ಬಡಿತ ಇಳಿಸುತ್ತದೆ, ನನ್ನ ಕಡೆಯ ರಕ್ತನಾಳ ಬಿಗಿಯುತ್ತದೆ, ಇದ್ದ ರಕ್ತ ಹೆಚ್ಚಾಗಿ ಮೆದುಳಿಗೆ ಹೋಗುತ್ತದೆ. ಬಾಲದ ಕಡೆ ಬೀಸಿ ಈಜುವವನು ನಾನು, ಸರಬರಾಜು ಯೋಚನೆ ಮಾಡುವವರಿಗೆ! ನಿಮ್ಮ ಕಚೇರಿಗಳಲ್ಲೂ ಹೀಗೇ ಅಂತ ಕೇಳಿದ್ದೇನೆ. ಸುಮಾರು ಇಪ್ಪತ್ತು ನಿಮಿಷ ದಾಟಿದರೆ ಲ್ಯಾಕ್ಟಿಕ್ ಆಮ್ಲ ಕೂಡಿಕೊಳ್ಳಲು ಶುರು. ಮೇಲೆ ಬಂದ ಮೇಲೆ ಅಷ್ಟನ್ನೂ ರಕ್ತಕ್ಕೆ ಸುರಿಯುತ್ತೇನೆ, ಅನುಭವಿಸಲಿ. ಆದ್ದರಿಂದಲೇ ಸೀಲಮ್ಮ ಸಾಮಾನ್ಯವಾಗಿ ಅಷ್ಟರೊಳಗೇ ಕೆಲಸ ಮುಗಿಸಿ ಬರುತ್ತಾಳೆ.

ಜಿಮ್ಮಿಗೆ ಹೋಗುವ ನಮ್ಮ ಹುಡುಗರಿಗೆ ಕಿವಿಮಾತು?

ನನ್ನ ಹತ್ತಿರ ಬರಬೇಡಿ ಅನ್ನಿ. ನನ್ನ ತಂತುಗಳು ಹೆಚ್ಚುಪಾಲು ನಿಧಾನದವು. ಆಮ್ಲಜನಕ ಸುಡುವ ಮೈಟೊಕಾಂಡ್ರಿಯಾ ಕೂಡ ಚುರುಕಾಗಿ ಓಡುವ ಪ್ರಾಣಿಗಳಷ್ಟಿಲ್ಲ. ಇದ್ದಿದ್ದರೆ ಆಮ್ಲಜನಕ ಎಂದೋ ಖಾಲಿ. ಆಳಕ್ಕೆ ಇಳಿಯುವಾಗ ಈಜುವುದನ್ನೂ ನಿಲ್ಲಿಸಿ ಸುಮ್ಮನೆ ಜಾರುತ್ತೇವೆ.

ಕುವಿಯರ್ ಕೊಕ್ಕಿನ ತಿಮಿಂಗಿಲ 222 ನಿಮಿಷ ಮುಳುಗಿತ್ತೆಂದು 2020ರಲ್ಲಿ ವರದಿಯಾಯಿತು. ಹೊಟ್ಟೆಕಿಚ್ಚೇ?

ಅವರ ಗುಟ್ಟು ಗೊತ್ತು ಬಿಡಿ. ವೇಗದ ತಂತುಗಳನ್ನೇ ರಾಶಿ ನೇಮಕ ಮಾಡಿಕೊಂಡಿದ್ದಾರೆ. ಅವುಗಳಲ್ಲಿ ಬಹಳಷ್ಟು ಕೆಲಸ ಮಾಡದೆ ಆಮ್ಲಜನಕದ ಗೋದಾಮು ಕಾಯುತ್ತವೆ ಅನ್ನುವುದು ವಿಜ್ಞಾನಿಗಳ ಊಹೆ. ನಮಗೆ ಮಾತ್ರ ಸೋಮಾರಿ ಅನ್ನುವ ಹೆಸರು!

ಕೊರಗೇನಾದರೂ?

ಸ್ಪರ್ಮ್ ತಿಮಿಂಗಿಲದ ಸ್ನಾಯುವಿನ ಮಯೋಗ್ಲೋಬಿನ್ ತೆಗೆದು ಅದರ ರಚನೆ ಬಿಡಿಸಿದ ಜಾನ್ ಕೆಂಡ್ರ್ಯೂಗೆ 1962ರಲ್ಲಿ ನೊಬೆಲ್ ಬಂತು. ತಿಮಿಂಗಿಲಕ್ಕೆ ಒಂದು ಹಾರ ತುರಾಯಿಯಾದರೂ? ಈಗ ನನ್ನ ಹತ್ತಿರವೂ ಸೂಜಿ ಹಿಡಿದು ಬಂದು ಚೂರು ಚೂರು ಕಿತ್ತುಕೊಂಡು ಹೋಗುತ್ತಾರೆ. ಅಂದಹಾಗೆ, ನಿಮ್ಮ ಜೇಬಿನಲ್ಲಿರುವುದು ಪೆನ್ನು ತಾನೆ?